ಇದ್ದಿಲು ಬಸ್ಸು ನಿಲ್ಲುವ ಅರ್ಧ ಗಂಟೆ

ಜನ ತಂಪು ಹುಡುಕಿಕೊಂಡು ಬೆಟ್ಟ ಹತ್ತುವ ತನಕ, ಬೆಟ್ಟದ ದಾರಿಯಲ್ಲಿ ಅವರ ತಲೆ ಬೋಳಿಸುವವರು ಇದ್ದೇ ಇರುತ್ತಾರೆ. ನಿನ್ನೆ ಇದು ನಡೆದಿದೆ, ಇವತ್ತು ನಡೆಯುತ್ತಿದೆ, ನೀವು ಈ ಪುಸ್ತಕ ಕೆಳಗಿಟ್ಟು ಪ್ರವಾಸ ಹೊರಟರೆ ನಿಮಗೂ ನಡೆಯುತ್ತದೆ. ಬೋಳಿಸುವವರನ್ನು ಕಂಡರೆ ನನಗೆ ಸಿಟ್ಟು. ತಲೆ ಬಗ್ಗಿಸಿ, ನಗುನಗುತ್ತಾ ಬೋಳಿಸಿಕೊಳ್ಳುವವರನ್ನು ಕಂಡರೆ ಅದರ ಎರಡರಷ್ಟು ಸಿಟ್ಟು.

ಯುದ್ಧದ ಕಾಲ ಅದು. ಪೆಟ್ರೋಲು ಕಣ್ಣಿಗೆ ಕಾಣುತ್ತಿರಲಿಲ್ಲ. ಬಸ್ಸಿನ ಹಿಂಭಾಗಕ್ಕೆ ಹಂಡೆಯಂಥ ಒಲೆ ಕಟ್ಟಿ, ಇದ್ದಿಲು ಉರಿಸಿ, ಅದರ ಗ್ಯಾಸಿನಲ್ಲಿ ಓಡಿಸುತ್ತಿದ್ದರು. ಬೆಂಗಳೂರಿನಿಂದ ನಂದಿಬೆಟ್ಟಕ್ಕೆ ಹೊರಟ ಬಸ್ಸು ನಮ್ಮ ದೇವನಹಳ್ಳಿ ಮುಟ್ಟುವಷ್ಟರಲ್ಲಿ ಕೆಮ್ಮಿ ಕೆಮ್ಮಿ ನಿಂತುಬಿಡುತ್ತಿತ್ತು. ಬೂದಿ ಕೆದಕಬೇಕು, ಹೊಸ ಇದ್ದಿಲು ತುಂಬಬೇಕು, ಗಾಳಿ ಊದಬೇಕು. ಅದಕ್ಕೆಲ್ಲ ಅರ್ಧ ಗಂಟೆ. ಏಪ್ರಿಲ್ ಬಂತೆಂದರೆ ಬಸ್ಸುಗಳ ಮೇಲೆ ಬಸ್ಸು, ಮಧ್ಯೆ ರಜೆಯ ಮೇಲೆ ಹೊರಟ ಬಿಳಿ ಸೋಲ್ಜರುಗಳ ಲಾರಿ. ಅಷ್ಟೂ ಜನ ಅರ್ಧ ಗಂಟೆ ಕೈಗೆ ಸಿಕ್ಕಿಕೊಂಡರೆ ನಮ್ಮೂರ ಕೆಲವರ ಬುದ್ಧಿ ಹೇಗೆ ಚಿಗುರುತ್ತಿತ್ತು ಅಂತೀರಿ!

ನಾನು ಬಸ್ಸು ನಿಲ್ಲುವ ಕಡೆ ತಗಡು ಬೆಸೆಯುವ ಅಂಗಡಿ ಇಟ್ಟುಕೊಂಡಿದ್ದೆ. ಸ್ಕೂಲು ಕಂಡವನಲ್ಲ. ಬೆಲ್ಲ ಕಟ್ಟಿಕೊಟ್ಟ ಹಳೇ ಪೇಪರಿನಲ್ಲಿ ಅಕ್ಷರ ಕಲಿತೆ, ಕಲಿತದ್ದನ್ನು ಸರ್ಕಾರದ ಗೋಡೆಯ ಮೇಲೆ ಬರೆದೆ, ಲಾಕಪ್ಪಿಗೆ ಹೋದೆ. ಬಿಟ್ಟು ಕಳಿಸಿದ ದಿನ ಊರಲ್ಲಿ ಒಬ್ಬ ಗಂಡಸೂ ನನ್ನನ್ನು ಮಾತಾಡಿಸಲಿಲ್ಲ. ಬೇವಿನ ಮರದ ಕೆಳಗೆ ಚಕ್ಕೋತ ಮಾರುತ್ತಿದ್ದ ಬೂಬಮ್ಮ ಮಾತ್ರ ಒಂದು ಹಣ್ಣು ಸುಲಿದು ನನ್ನ ಕೈಗಿಟ್ಟು, "ತಿನ್ನು ಬೇಟಾ, ಬಾಯಿ ಒಣಗೈತೆ. ತಿಂದಮೇಲೆ ಮತ್ತೆ ಕೂಗಾಡುವೆಯಂತೆ" ಅಂದಿದ್ದಳು.

ಆ ಬೂಬಮ್ಮನ ಅನ್ನಕ್ಕೇ ಕಲ್ಲು ಬೀಳುವ ಹಾಗಾಯಿತು. ಒಂದು ಬೆಳಿಗ್ಗೆ ಬಸ್ಸಿನ ಏಜೆಂಟು ನನ್ನ ಅಂಗಡಿಗೆ ಬಂದು, "ದೇವನಹಳ್ಳೀಲಿ ಮೋಸ ಹೋದ್ವಿ ಅಂತ ಪ್ಯಾಸೆಂಜರುಗಳು ಮಾಲೀಕರ ಮನೆ ಬಾಗಿಲಿಗೇ ಹೋಗ್ತಾವ್ರೆ ಕಣಪ್ಪ. ಈ ಬೇಸಿಗೆ ಮುಗಿಯೋದ್ರೊಳಗೆ ದೂರು ನಿಲ್ಲದಿದ್ರೆ ಸ್ಟಾಪು ಎತ್ತಿ ಮೂರು ಮೈಲಿ ಆಚೆ ಹಾಕ್ತಾರಂತೆ" ಅಂದ.

ಬೂಬಮ್ಮನ ಹಿತ್ತಲಲ್ಲಿ ಎಂಟು ಚಕ್ಕೋತದ ಮರ. ಚಕ್ಕೋತ ಕೊಯ್ದಿಟ್ಟರೂ ತಿಂಗಳುಗಟ್ಟಲೆ ಕೆಡುವ ಹಣ್ಣಲ್ಲ. ಕೂಡಿಟ್ಟು ಬೇಸಿಗೆಯಲ್ಲಿ ಮಾರಿದರೆ ಅವಳ ವರ್ಷದ ರಾಗಿ ಮನೆಗೆ ಬರುತ್ತಿತ್ತು. ಗಂಡ ಇಲ್ಲ, ಮಕ್ಕಳಿಲ್ಲ. ವಿಷಯ ಹೇಳಿದೆ. "ಮೂರು ಮೈಲಿ ಬುಟ್ಟಿ ಹೊರೋಕೆ ನಂಗೆ ಮೊಣಕಾಲು ಎಲ್ಲೈತೆ ಬೇಟಾ?" ಅಂದಳು, ಅಷ್ಟೇ.

ನಾನು ಅವತ್ತೇ ಸೀಮೆಎಣ್ಣೆ ಡಬ್ಬ ಕತ್ತರಿಸಿ ಜನರಿಗೆ ಕೂಗಿ ಹೇಳಲು ಮೊಳದುದ್ದ ಒಂದು ತಗಡಿನ ಕೊಂಬು ಬೆಸೆದುಕೊಂಡೆ. ಮೋಸ ನಿಲ್ಲಿಸಿಯೇ ಸೈ! ನಿಲ್ಲಿಸಿದ ಚಂದ ಕೇಳಿ.

ನಕಲಿ

ಮೊದಲು ಹಿಡಿದದ್ದು ನಾಣ್ಯದವನನ್ನು. ತಾಮ್ರದ ಬಿಲ್ಲೆಗಳ ಮೇಲೆ ಏನೇನೋ ಗೀಚಿ, ಉಪ್ಪುನೀರಿನಲ್ಲಿ ನೆನೆಸಿ, ಸಗಣಿಯಲ್ಲಿ ಹೂತಿಟ್ಟು, ಹಸಿರು ಕಟ್ಟಿದ ಮೇಲೆ "ಅಸಲಿ! ಸುಲ್ತಾನರ ಕಾಲದ ಅಸಲಿ!" ಅಂತ ಬಸ್ಸಿನ ಕಿಟಕಿಗೆ ಹಿಡಿಯುತ್ತಿದ್ದ. ನಮ್ಮೂರ ಕೋಟೆಯಲ್ಲಿ ಸುಲ್ತಾನರು ಹುಟ್ಟಿದ್ದಾರೆಂಬುದು ಎಲ್ಲರಿಗೂ ಗೊತ್ತು. ಅದೇ ಇವನ ಬಂಡವಾಳ.

ಅಂಗಿ ಹಿಡಿದು ನಿಲ್ಲಿಸಿದೆ. "ನಿಜ ಬೊಗಳು. ಇದು ಯಾವ ಕಾಲದ್ದು?"

"ಹೋದ ಮಂಗಳವಾರದ್ದು ಅಣ್ಣ."

"ಹಂಗಾದ್ರೆ ನಕಲಿ ಅಂತ ಕೂಗಿ ಮಾರು. ನಕಲಿ ಅಂತ ಹೇಳಿ ಮಾರಿದ್ರೆ ಮೋಸ ಇಲ್ಲ. ಅಸಲಿ ಅಂದ್ಯೋ, ನಿನ್ನ ಬುಟ್ಟಿ ಚರಂಡಿಗೆ."

ಪಾಪ, ಅಳುಮೋರೆ ಹಾಕಿಕೊಂಡು ಕೂಗಿದ. "ನಕಲಿ! ಸುಲ್ತಾನರ ಕಾಲದ ನಕಲಿ!"

ಬಸ್ಸಿನಿಂದ ಜರಿ ರುಮಾಲಿನ ಒಬ್ಬ ಮಹಾಶಯರು ಇಳಿದು ಬಂದರು. ಕನ್ನಡಕ ಏರಿಸಿದರು. "ಏನಂದೆ? ಸುಲ್ತಾನರ ಕಾಲದಲ್ಲೇ ಮಾಡಿದ ನಕಲಿನಾ?"

ನಾಣ್ಯದವನು ನನ್ನ ಮುಖ ನೋಡಿದ. "ಸ್ವಾಮಿ, ನಕಲಿ ಅಂತ ಹೇಳೋಕಷ್ಟೇ ನಂಗೆ ಅಪ್ಪಣೆ ಆಗಿರೋದು."

ರುಮಾಲಿನವರು ಬಸ್ಸಿನ ಕಡೆ ತಿರುಗಿ ಭಾಷಣವನ್ನೇ ಮಾಡಿದರು. "ನೋಡ್ರಪ್ಪ, ಅಸಲಿ ನಾಣ್ಯ ಯಾರ ಮನೇಲಿ ಬೇಕಾದ್ರೂ ಇರ್ತದೆ. ಆ ಕಾಲದ ಖೋಟಾ ನಾಣ್ಯ ಎಲ್ಲಿ ಸಿಗ್ತದೆ? ಮಾಡಿದವನ ಕೈ ಕಡಿಸಿರ್ತಾರೆ, ಸಿಕ್ಕಿದ್ದನ್ನೆಲ್ಲ ಕರಗಿಸಿರ್ತಾರೆ. ಎಂಥಾ ಅಪರೂಪದ ವಸ್ತು!" ಬುಟ್ಟಿ ಹತ್ತು ನಿಮಿಷದಲ್ಲಿ ಖಾಲಿ. ನಾನು ಕೊಂಬಿನಲ್ಲಿ "ಅಯ್ಯೋ ಮೂರ್ಖರಾ!" ಅಂತ ಕೂಗಿದ್ದು ಯಾರಿಗೂ ಬೇಕಾಗಿರಲಿಲ್ಲ.

ಮಾರನೇ ದಿನ ನಾಣ್ಯದವನು ಎಲೆ ಅಡಿಕೆ ಹಿಡಿದುಕೊಂಡು ನನ್ನ ಅಂಗಡಿಗೆ ಬಂದ. "ಅಣ್ಣ, ತಾಮ್ರ ಮುಗಿದೋಯ್ತು. ತಗಡಿನಲ್ಲಿ ಒಂದು ಐವತ್ತು ಬಿಲ್ಲೆ ಕತ್ತರಿಸಿ ಕೊಡಿ. ನಿಮ್ಮ ಮಾತು ಮೀರಲ್ಲ, ನಕಲಿಯ ನಕಲಿ ಅಂತಲೇ ಕೂಗ್ತೀನಿ."

ಹುಟ್ಟಿದ ಜಾಗ

ಎರಡನೆಯವನು ಗೈಡು. ಯಾರೋ ಸೋಲ್ಜರು ಬಿಸಾಕಿದ ಖಾಕಿ ಕೋಟು, ಕೈಯಲ್ಲಿ ಬೆತ್ತ, ಬಾಯಲ್ಲಿ ಮೂರು ಇಂಗ್ಲಿಷ್ ಮಾತು. ಸುಲ್ತಾನರು ಹುಟ್ಟಿದ ಜಾಗ ತೋರಿಸುತ್ತೇನೆಂದು ಜನರನ್ನು ಕರೆದುಕೊಂಡು ಹೋಗುತ್ತಿದ್ದ. ಒಂದು ದಿನ ನಾನೂ ಕೆಲಸ ಬಿಟ್ಟು ಹಿಂದೆ ಹಿಂದೆಯೇ ನಡೆದೆ. ಬೆಳಗಿನ ಬಸ್ಸಿನವರಿಗೆ ಕೋಟೆಯೊಳಗಿನ ಒಂದು ಕಲ್ಲುಚಪ್ಪಡಿ ತೋರಿಸಿ, ಇದೇ ಅಂದ. ಹನ್ನೊಂದರ ಬಸ್ಸಿನವರಿಗೆ ಕೋಟೆಯ ಬಾಗಿಲ ಪಕ್ಕದ ಮುರಿದ ಗೋಡೆ. ಮಧ್ಯಾಹ್ನದ ಲಾರಿಯ ಸೋಲ್ಜರುಗಳಿಗೆ ಕೋಟೆಯ ಹೊರಗೆ, ನನ್ನ ಕಣ್ಣೆದುರಿಗೇ, ಎಮ್ಮೆ ಕಟ್ಟುವ ಗೂಟದ ಜಾಗ! ಅವರು ಟೋಪಿ ತೆಗೆದು ಗೂಟಕ್ಕೆ ಮರ್ಯಾದೆ ಬೇರೆ ಕೊಟ್ಟರು.

ಲಾರಿ ಹೋದ ಮೇಲೆ ಕೋಟಿನ ಕಾಲರು ಹಿಡಿದೆ. "ಲೇ, ಒಬ್ಬ ಮನುಷ್ಯ ಎಷ್ಟು ಕಡೆ ಹುಟ್ತಾನೋ?"

ಅವನಿಗೆ ಸ್ವಲ್ಪವೂ ನಾಚಿಕೆಯಿಲ್ಲ. "ಬಿಸಿಲು ನೋಡು ಗುರು. ಬಸ್ಸು ಬಿಡೋಕೆ ಅರ್ಧ ಗಂಟೆ ಇದ್ರೆ ಕೋಟೆ ಒಳಗೆ ಹುಟ್ಟಿಸ್ತೀನಿ. ಕಾಲು ಗಂಟೆ ಇದ್ರೆ ಬಾಗಿಲ ಹತ್ರ. ಆ ಲಾರಿ ಡ್ರೈವರ್ರು ಹಾರನ್ನು ಹೊಡೀತಾನೇ ಇದ್ದ, ನಾನೇನು ಮಾಡ್ಲಿ? ಅಲ್ಲೇ ಹುಟ್ಟಿಸ್ಬಿಟ್ಟೆ."

"ಬಸ್ಸು ಕೆಟ್ಟು ಎರಡು ಗಂಟೆ ನಿಂತ್ರೆ ಏನು ಮಾಡ್ತೀಯಾ?"

"ಅವತ್ತು ಮದುವೆ ಆದ ಜಾಗಾನೂ ತೋರಿಸ್ತೀನಿ."

ಕಿವಿಗೆ ಹತ್ತಿ

ಇವರಿಬ್ಬರನ್ನೂ ಬಿಟ್ಟು, ನೇರವಾಗಿ ಪ್ರಯಾಣಿಕರಿಗೇ ಬುದ್ಧಿ ಹೇಳುವುದೆಂದು ತೀರ್ಮಾನಿಸಿದೆ. ಬಸ್ಸು ನಿಂತ ಕೂಡಲೇ ನನ್ನ ಅಂಗಡಿಯ ಕಟ್ಟೆ ಹತ್ತಿ, ಕೊಂಬು ಬಾಯಿಗಿಟ್ಟು ಶುರು ಮಾಡುತ್ತಿದ್ದೆ. "ಸ್ವಾಮಿ! ತಾಯಂದಿರೇ! ಇಲ್ಲಿ ನಾಣ್ಯ ಕೊಳ್ಳಬೇಡಿ! ಗೈಡಿನ ಹಿಂದೆ ಹೋಗಬೇಡಿ! ಬೆಟ್ಟದ ಮೇಲೆ ರೂಮು ಕೊಡಿಸ್ತೀನಿ ಅನ್ನೋನ್ನ ನಂಬಬೇಡಿ!" ಎರಡು ದಿನ ಜನ ಕೇಳಿದರು. ಮೂರನೇ ದಿನ ಎಲ್ಲರೂ ನನ್ನ ಕಡೆ ನೋಡಿ ನಗುತ್ತಾರೆ, ತಲೆ ಆಡಿಸುತ್ತಾರೆ, ನೇರ ಹೋಗಿ ನಾಣ್ಯ ಕೊಳ್ಳುತ್ತಾರೆ. ನನಗೆ ತಲೆಬುಡ ತಿಳಿಯಲಿಲ್ಲ. ಇನ್ನೂ ಜೋರಾಗಿ ಕೂಗಿದೆ. ಗಂಟಲ ನರ ಉಬ್ಬಿ ಬಂತು. ಇನ್ನೂ ಜೋರಾಗಿ ನಕ್ಕರು.

ಕಟ್ಟೆಯಿಂದ ಇಳಿದು ಹತ್ತಿರ ಹೋಗಿ ನೋಡುತ್ತೇನೆ, ಬಸ್ಸಿನಲ್ಲಿದ್ದ ಅಷ್ಟೂ ಜನರ ಕಿವಿಯಲ್ಲಿ ಹತ್ತಿ!

ಹತ್ತಿ ಮಾರುವವನೊಬ್ಬ ಹೊಸದಾಗಿ ಹುಟ್ಟಿಕೊಂಡಿದ್ದ. ಬೆಟ್ಟದ ಗಾಳಿ ಹೊಕ್ಕರೆ ಕಿವಿ ಹೋಗುತ್ತದೆ, ಇಲ್ಲಿಂದಲೇ ಮುಚ್ಚಿಕೊಂಡು ಹೋಗಬೇಕು ಅಂತ ಹೆದರಿಸಿ ಚಿಟಿಕೆ ಚಿಟಿಕೆ ಹತ್ತಿ ಮಾರುತ್ತಿದ್ದ. ನಾನು ಅವನ ಬೆನ್ನ ಹಿಂದೆಯೇ ನಿಂತಿರುವುದು ಅವನಿಗೆ ಗೊತ್ತಿಲ್ಲ. ಹತ್ತಿ ಕೊಳ್ಳದೆ ಉಳಿದು ಕಿಟಕಿಯಲ್ಲಿ ಕೂತಿದ್ದ ಒಬ್ಬಳೇ ಹುಡುಗಿ, "ನಂಗೆ ಬೇಡಪ್ಪ, ಕಿವಿ ಹೋಗೋದೆಲ್ಲ ಸುಳ್ಳು" ಅಂದಳು.

ಅವನು ನನ್ನ ಕಟ್ಟೆಯ ಕಡೆ ಕೈ ತೋರಿಸಿ ಹೇಳಿದ. "ಸುಳ್ಳಾ ತಾಯಿ? ಈಗ ತಾನೇ ಅಲ್ಲಿ ನಿಂತು ಕೂಗಾಡ್ತಿದ್ದನಲ್ಲ, ಕೊಂಬು ಹಿಡ್ಕೊಂಡು? ಪಾಪ, ಹತ್ತಿ ಇಟ್ಕೊಳ್ಳದೆ ಬೆಟ್ಟಕ್ಕೆ ಹೋಗಿ ಬಂದವನು. ತನ್ನ ಮಾತು ತನಗೇ ಕೇಳ್ಸಲ್ಲ ಅಂತ ಹಂಗೆ ಕಿರುಚ್ತಾನೆ."

ಹುಡುಗಿ ಎರಡು ಚಿಟಿಕೆ ತೆಗೆದುಕೊಂಡಳು.

ಸುಕ್ಕು

ಇಷ್ಟರಲ್ಲಿ ಬೂಬಮ್ಮನ ಎದುರಿಗೇ ಇನ್ನೊಬ್ಬ ಹಣ್ಣಿನವನು ಬಂದು ಕೂತ. ಎಳೇ ಚಕ್ಕೋತ ಕಿತ್ತು, ಕಡಲೆಕಾಯಿ ಎಣ್ಣೆ ಸವರಿ, ಕನ್ನಡಿಯ ಹಾಗೆ ಹೊಳೆಯಿಸಿ ಜೋಡಿಸಿದ. ಸಿಪ್ಪೆ ಸುಲಿದರೆ ಒಳಗೆ ಬೆಂಡು, ಬಾಯಿಗಿಟ್ಟರೆ ಕಹಿ. ಚಕ್ಕೋತ ತಿಂದು ಗೊತ್ತಿರುವವರು ಸಿಪ್ಪೆ ಸುಕ್ಕಾದ, ಕೈಗೆ ಭಾರವಾದ ಹಣ್ಣನ್ನೇ ಆರಿಸುತ್ತಾರೆ. ಕೊಯ್ದಿಟ್ಟಷ್ಟೂ ಸಿಪ್ಪೆ ಸುಕ್ಕಾಗುತ್ತದೆ, ಒಳಗೆ ಸಿಹಿ ಕೂಡುತ್ತದೆ. ಬೆಂಗಳೂರಿನವರಿಗೆ ಇದೆಲ್ಲ ಎಲ್ಲಿ ಗೊತ್ತು? ಹೊಳೆಯುವ ಕಡೆಗೇ ನುಗ್ಗಿದರು. ಬೂಬಮ್ಮನ ಬುಟ್ಟಿ ತಂದ ಹಾಗೇ ಮನೆಗೆ ಹೋಗತೊಡಗಿತು.

ನನ್ನ ಮೈಯೆಲ್ಲ ಬೆಂಕಿ. ಬೆಳಗಿನ ಬಸ್ಸು ನಿಂತದ್ದೇ ತಡ, ಹತ್ತಿಯವನು ಬರುವ ಮೊದಲೇ ಕಟ್ಟೆ ಹತ್ತಿದೆ. "ಹೊಳೆಯೋದೆಲ್ಲ ಕಾಯಿ! ತಿಂದ್ರೆ ಕಹಿ! ಬೇವಿನ ಮರದ ಕೆಳಗೆ ನೋಡಿ! ಸುಕ್ಕಾದ ಬೂಬಮ್ಮನ ಹಣ್ಣೇ ತಗೊಳ್ಳಿ! ಸುಕ್ಕಾದ ಬೂಬಮ್ಮನ ಹಣ್ಣು!"

ಗೆದ್ದೆ! ಇಡೀ ಬಸ್ಸು ಬೇವಿನ ಮರದ ಕಡೆ ತಿರುಗಿತು. ಅರ್ಧ ಗಂಟೆಯಲ್ಲಿ ಬುಟ್ಟಿ ಬರಿದು. ಎಣ್ಣೆ ಹಣ್ಣಿನವನು ಹಲ್ಲು ಕಡಿಯುತ್ತಾ ಅವತ್ತಿಗೆ ಗೋಣಿಚೀಲ ಕಟ್ಟಿದ. ನಾನು ಕುಣಿಯುತ್ತಾ ಬೂಬಮ್ಮನ ಹತ್ತಿರ ಓಡಿದೆ. ಅವಳು ಮುಖ ಆ ಕಡೆ ತಿರುಗಿಸಿ ಕೂತಿದ್ದಾಳೆ.

"ಯಾಕಮ್ಮ? ಎಲ್ಲಾ ಮಾರಿಹೋಯ್ತಲ್ಲ?"

"ಮಾರಿಹೋಯ್ತು. ಒಂದು ಕೇಳ್ತೀನಿ, ನಿಜ ಹೇಳು. ನೀನು ಕೂಗಿದ್ದು ಸುಕ್ಕಾಗಿರೋದು ಹಣ್ಣು ಅಂತಲೋ, ನಾನು ಅಂತಲೋ?"

"ಅಯ್ಯೋ, ಹಣ್ಣು ಕಣಮ್ಮ! ಬೂಬಮ್ಮನ ಸುಕ್ಕಾದ ಹಣ್ಣು!"

"ಹಂಗೆ ಕೂಗಿದ್ರೆ ಸರಿಹೋಗ್ತಿತ್ತು. ಬಂದವರೆಲ್ಲ ಬುಟ್ಟಿ ಬಿಟ್ಟು ಮೊದಲು ನನ್ನ ಮುಖ ನೋಡಿದ್ರು. ಒಬ್ಬಳಂತೂ ಗಂಡನ್ನ ಕೂಗಿ, 'ಬನ್ನಿ ಬನ್ನಿ, ಇಲ್ಲೇ, ಗುರುತು ಸರಿಯಾಗೈತೆ' ಅಂದ್ಲು."

ನಿಜ ಹೇಳಿದ ದಿನ

ಮೇ ತಿಂಗಳ ಕೊನೆಯ ಹೊತ್ತಿಗೆ ಏಜೆಂಟು ಮತ್ತೆ ಬಂದ. ದೂರು ಕಮ್ಮಿಯಾಗಿಲ್ಲ. ಈ ಶನಿವಾರ ಮಾಲೀಕರು ಮನೆಯವರ ಜೊತೆ ಕಾರಿನಲ್ಲಿ ಬೆಟ್ಟಕ್ಕೆ ಹೋಗುತ್ತಾರೆ, ದಾರಿಯಲ್ಲಿ ಇಲ್ಲಿ ಇಳಿದು ಕಣ್ಣಾರೆ ನೋಡಿ ಸ್ಟಾಪಿನ ವಿಷಯ ಇತ್ಯರ್ಥ ಮಾಡುತ್ತಾರೆ.

ನಾನು ನಾಣ್ಯದವನು, ಗೈಡು, ಹತ್ತಿಯವನು, ಎಣ್ಣೆ ಹಣ್ಣಿನವನು ಎಲ್ಲರನ್ನೂ ಕಟ್ಟೆಯ ಮುಂದೆ ಸೇರಿಸಿದೆ. "ಥೂ ನಿಮ್ಮ! ಸ್ಟಾಪು ಹೋದ್ರೆ ನೀವೂ ಮಣ್ಣು ತಿಂತೀರಿ, ಆ ಮುದುಕೀನೂ ತಿಂತಾಳೆ. ನೀವು ಬೇರೆ ಊರಿಗೆ ಓಡಿಹೋಗಿ ಇನ್ನೊಬ್ಬರ ತಲೆ ಬೋಳಿಸ್ತೀರಿ, ಅವಳೆಲ್ಲಿಗೆ ಓಡ್ತಾಳೆ? ಒಂದು ದಿನ, ಒಂದೇ ದಿನ, ನಿಜ ಹೇಳ್ರಯ್ಯಾ!"

ಗೈಡು, "ಇಡೀ ದಿನಾನಾ ಗುರು?" ಅಂದ.

"ಬಸ್ಸು ನಿಲ್ಲೋ ಅರ್ಧ ಗಂಟೆ."

"ಹಂಗಾದ್ರೆ ನೋಡಾಣ."

ಶನಿವಾರ ಬಂತು. ಮಾಲೀಕರ ಕಾರು ಬಂತು, ಹಿಂದೆಯೇ ಬಸ್ಸೂ ಬಂತು. ಮಾಲೀಕರು ಏಜೆಂಟನ ಜೊತೆ ಬಸ್ಸಿನ ಪಕ್ಕದಲ್ಲಿ ಕೈಕಟ್ಟಿ ನಿಂತರು. ಕಾರಿನಲ್ಲಿ ಅವರ ಸೊಸೆ, ತುಂಬು ಬಸುರಿ. ಅವರ ಹೆಂಡತಿ ನೇರ ಬೂಬಮ್ಮನ ಬುಟ್ಟಿಯ ಮುಂದೆ ಹೋಗಿ ಕೂತು ಚೌಕಾಸಿಗೆ ಶುರು ಮಾಡಿದರು.

ನಮ್ಮವರು ಮಾತು ಉಳಿಸಿಕೊಂಡರು! ನನ್ನ ಎದೆ ಉಬ್ಬಿಹೋಯಿತು. ನಾಣ್ಯದವನು, "ಹೋದ ಮಂಗಳವಾರ ನಾನೇ ಮಾಡಿದ್ದು ಸ್ವಾಮಿ, ಸಗಣೀಲಿ ಹೂತಿಟ್ಟಿದ್ದೆ" ಅಂದ. ಹತ್ತಿಯವನು, "ಕಿವಿಗೇನೂ ಆಗಲ್ಲ ತಾಯಿ, ದಿಂಬು ಹರಿದಿದ್ರೆ ತಗೊಳ್ಳಿ" ಅಂದ. ಎಣ್ಣೆ ಹಣ್ಣಿನವನು, "ಇದು ಕಾಯಿ, ತಿಂದ್ರೆ ನೀವೇ ನನ್ನ ಬೈತೀರಿ" ಅಂದ. ಗೈಡು, ಕಣ್ಣಲ್ಲಿ ನೀರು ತುಂಬಿಕೊಂಡು, "ಸುಲ್ತಾನರು ಕೋಟೇಲಿ ಎಲ್ಲೋ ಹುಟ್ಟಿದ್ರಂತೆ. ಜಾಗ ಯಾವುದು ಅಂತ ನಂಗೊತ್ತಿಲ್ಲ" ಅಂದ.

ಹತ್ತು ನಿಮಿಷ ಬಸ್ಸಿನವರು ಅತ್ತ ಇತ್ತ ಅಲೆದಾಡಿದರು. ಆಮೇಲೆ ಒಬ್ಬ ರೇಗಿದ. ನೇರ ಮಾಲೀಕರ ಮುಂದೆ ಹೋಗಿ, "ಏನ್ರೀ ಇದು ಮೋಸ?" ಅಂದ.

ನನಗೆ ಸಿಡಿಲು ಬಡಿದ ಹಾಗಾಯಿತು. ಮೋಸವೇ?

"ನಮ್ಮಣ್ಣ ಹೋದ ತಿಂಗಳು ಬಂದು ಸುಲ್ತಾನರ ನಾಣ್ಯ ತಂದಿದ್ದಾನೆ. ಹುಟ್ಟಿದ ಜಾಗ ನೋಡಿ ಬಂದಿದ್ದಾನೆ. ನಾವು ಬಂದ್ರೆ ನಾಣ್ಯ ಇಲ್ಲ, ಜಾಗ ಗೊತ್ತಿಲ್ಲ! ಒಳ್ಳೇದೆಲ್ಲ ಬಿಳಿಯರ ಲಾರಿಗೆ ಬಚ್ಚಿಟ್ಟು, ನಮಗೆ ಸಗಣಿ ಕಥೆ ಹೇಳ್ತಾರೆ!"

"ಹೌದ್ರೀ!" ಅಂತ ಇಡೀ ಬಸ್ಸು ಸೇರಿಕೊಂಡಿತು. ರುಮಾಲುಗಳು ಅಲ್ಲಾಡಿದವು, ಕೊಡೆಗಳು ಮೇಲೆದ್ದವು. ಅಷ್ಟು ದಿನ ಸುಳ್ಳು ಕೇಳಿ ನಕ್ಕ ಜನ, ನಿಜ ಕೇಳಿ ಹೊಡೆಯಲು ಬಂದರು!

ಮಾಲೀಕರು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡರು. "ಏಜೆಂಟ್ರೇ, ಸುಳ್ಳು ಹೇಳಿದ್ರೂ ದೂರು, ನಿಜ ಹೇಳಿದ್ರೂ ದೂರು. ಈ ಊರಿನ ಸಹವಾಸವೇ ಬೇಡ. ಸೋಮವಾರದಿಂದ ಸ್ಟಾಪು ಎತ್ತಿ."

ಬೂಬಮ್ಮನಿಗೆ ಅದು ಕೇಳಿಸಿತು. ಹಣ್ಣು ಸುಲಿಯುತ್ತಿದ್ದ ಅವಳ ಕೈ ಅಲ್ಲೇ ನಿಂತಿತು. ಎದುರಿಗೆ ಕೂತ ಮಾಲೀಕರ ಹೆಂಡತಿ ಮಾತ್ರ, "ಬಸುರಿ ಹುಡುಗಿ ಆಸೆಪಟ್ಟವಳೆ ಕಣಮ್ಮ, ಅರ್ಧಕ್ಕೆ ಕೊಟ್ಬಿಡು" ಅಂತ ಚೌಕಾಸಿ ಬಿಟ್ಟಿರಲಿಲ್ಲ.

ನನಗೆ ಆ ಕ್ಷಣ ಏನಾಯಿತೋ ಈಗಲೂ ಹೇಳಲಾರೆ. ಹುಟ್ಟಿದಾರಭ್ಯ ಪೊಲೀಸರ ಮುಂದೆಯೂ ಒಂದು ಸುಳ್ಳು ಹೇಳದವನು ನಾನು. ಬಸುರಿ ಅನ್ನುವ ಮಾತು ಕಿವಿಗೆ ಬಿದ್ದದ್ದೇ ಬಾಯಿ ತಾನಾಗಿ ತೆರೆಯಿತು. ಕೊಂಬು ಬಾಯಿಗೆ ಅಂಟಿಕೊಂಡೇ ಇತ್ತು, ಅದೂ ಮರೆತುಹೋಗಿತ್ತು.

"ಸುಲ್ತಾನರ ತಾಯಿ ಬಸುರಿಯಾಗಿದ್ದಾಗ ಬಯಸಿ ಬಯಸಿ ತಿಂದಿದ್ದು ಇದೇ ಬೂಬಮ್ಮನ ಚಕ್ಕೋತ ಸ್ವಾಮೀ!"

ಕೋಟೆಯ ಗೋಡೆಗೆ ಬಡಿದು ಮಾತು ವಾಪಸ್ಸು ಬಂತು. ಬಸ್ಸಿನವರು ಬಾಯಿ ಮುಚ್ಚಿದರು. ಗೈಡು ಓಡಿಬಂದು ನನ್ನ ಕಿವಿಯಲ್ಲಿ, "ಎಂಥಾ ಗಟ್ಟಿಗ ಗುರು ನೀನು! ನಾವು ಬರೀ ಹುಟ್ಟಿಸ್ತಿದ್ವಿ, ನೀನು ಬಸುರಿಂದಲೇ ಹಿಡ್ಕೊಂಡ್ಯಲ್ಲ!" ಅಂದ.

ಮಾಲೀಕರ ಹೆಂಡತಿ ಕೈಯಲ್ಲಿದ್ದ ಚಕ್ಕೋತವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದರು. "ಹೌದೇ! ಆ ತಾಯಿ ತಿಂದದ್ದೇ? ಅವರಿಗೆ ಯಾರಪ್ಪ ತಂದುಕೊಟ್ಟವರು?"

ಅಭ್ಯಾಸ ಇರುವ ಸುಳ್ಳುಗಾರನಾಗಿದ್ದರೆ ಇವರ ಮುತ್ತಜ್ಜಿಯ ಮುತ್ತಜ್ಜಿ ಅನ್ನುತ್ತಿದ್ದ. ನಾನು ಬೂಬಮ್ಮನ ಕಡೆ ಬೆರಳು ತೋರಿಸಿ, "ಇವರೇ!" ಅಂದುಬಿಟ್ಟೆ.

ಬೂಬಮ್ಮನಿಗೆ ಆಗ ಅರವತ್ತು ಇದ್ದೀತು. ಒಂದೇ ಮಾತಿನಲ್ಲಿ ಇನ್ನೂರು ದಾಟಿಸಿದ್ದೆ.

ಮಾಲೀಕರು ನನ್ನನ್ನು ನೋಡಿದರು, ಬೂಬಮ್ಮನನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು. ಮೊದಲು ಅವರ ಹೊಟ್ಟೆ ಅಲ್ಲಾಡಿತು, ಆಮೇಲೆ ಭುಜ, ಆಮೇಲೆ ಬಸ್ಸಿನ ಬಾಗಿಲು ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಬಸ್ಸಿನವರೂ ನಕ್ಕರು. ನಾಣ್ಯದವನು ನೆಲದ ಮೇಲೆ ಕೂತು ನಕ್ಕ.

"ಏಜೆಂಟ್ರೇ, ಸ್ಟಾಪು ಇಲ್ಲೇ ಇರ್ಲಿ" ಅಂದರು ಮಾಲೀಕರು, ಉಸಿರು ಸಿಕ್ಕಿದ ಮೇಲೆ. "ಇಷ್ಟು ಕೆಟ್ಟದಾಗಿ ಸುಳ್ಳು ಹೇಳೋನು ಕಾವಲಿಗೆ ನಿಂತಿರೋವಾಗ ಇಲ್ಲಿ ಯಾರು ತಾನೇ ಮೋಸ ಹೋಗ್ತಾರೆ?"

ಎಲ್ಲರೂ ನಗುತ್ತಿರುವಾಗ ನಗದೆ ಉಳಿದವರು ಮಾಲೀಕರ ಹೆಂಡತಿ ಒಬ್ಬರೇ. ಚಕ್ಕೋತ ಎದೆಗೊತ್ತಿಕೊಂಡು ಬೂಬಮ್ಮನ ಕಡೆ ಬಗ್ಗಿ, ಬಹಳ ಭಕ್ತಿಯಿಂದ ಕೇಳಿದರು. "ಅಮ್ಮಾ, ಆ ಮಹಾತಾಯಿ ಎಷ್ಟಕ್ಕೆ ತಗೊಂಡ್ರು?"

ಬೂಬಮ್ಮ ಸುಲಿಯುತ್ತಿದ್ದ ಹಣ್ಣಿನಿಂದ ತಲೆ ಎತ್ತದೆ ಹೇಳಿದಳು:

"ಅವರು ಚೌಕಾಸಿ ಮಾಡ್ಲಿಲ್ಲ ತಾಯಿ."